ಎಡಕ್ಕೆ ಕೆಂಪು

ಕನ್ನಡದಲ್ಲಿ ಎಂ.ಎ. ಮಾಡಿದವನ ಕೈಯಲ್ಲಿ ಲೇಖನಿಯಿರಬೇಕು, ತಪ್ಪಿದರೆ ಸೀಮೆಸುಣ್ಣವಿರಬೇಕು. ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಇರತಕ್ಕದ್ದಲ್ಲ. ಇದು ನನ್ನ ಮಾತಲ್ಲ, ನನ್ನ ಮನೆಯಾಕೆಯ ಮಾತು. ಕಳೆದ ಬೇಸಿಗೆಯ ರಜೆಯಲ್ಲಿ, ಗೇಣಿಗಿಂತ ತುಸು ಉದ್ದವಾದ ಒಂದು ಪ್ಲಾಸ್ಟಿಕ್ ವಿಮಾನವನ್ನು ಮೇಜಿನ ಮೇಲೆ ಅಂಗಾತ ಮಲಗಿಸಿಕೊಂಡು, ಕನ್ನಡಕದ ಮುಂದೆ ಭೂತಗನ್ನಡಿ ಹಿಡಿದು, ಸಾಸಿವೆ ಕಾಳಿಗಿಂತ ಸಣ್ಣದಾದ ದೀಪವೊಂದಕ್ಕೆ ಕೂದಲೆಳೆಯಂತಹ ತಂತಿಯನ್ನು ಅಂಟಿಸಲು ನಾನು ಹೆಣಗುತ್ತಿದ್ದಾಗ ಆಕೆ ಈ ತೀರ್ಪನ್ನು ಕೊಟ್ಟಳು. ತೀರ್ಪು ಕೊಟ್ಟವಳೇ ನನ್ನ ಸುಟ್ಟ ಬೆರಳಿಗೆ ಮುಲಾಮನ್ನೂ ತಂದುಕೊಟ್ಟಳೆಂಬುದನ್ನು ನ್ಯಾಯದ ದೃಷ್ಟಿಯಿಂದ ಹೇಳಬೇಕು.

ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಮಸ್ಕಿಗೆ ಕರೆದೊಯ್ದು, ಅಶೋಕನ ಶಾಸನದ ಮುಂದೆ ನಿಲ್ಲಿಸಿ, 1915ರಲ್ಲಿ ಅದು ದೊರೆತ ಬಗೆಯನ್ನೂ ಅದರಲ್ಲಿ ಅರಸನ ಹೆಸರೇ ಬಂದಿರುವುದರ ಮಹತ್ವವನ್ನೂ ಉಪನ್ಯಾಸ ಮಾಡುವವನು ನಾನು. ಸವೆದ ಅಕ್ಷರವನ್ನು ದಿಟ್ಟಿಸಿ ಓದುವ ಕಣ್ಣು ನನಗಿದೆಯೆಂದು ಜಂಬಪಡುತ್ತಿದ್ದೆ. ಆದರೆ 1.6 ಮಿಲಿಮೀಟರ್ ಉದ್ದ, 0.8 ಮಿಲಿಮೀಟರ್ ಅಗಲದ ಎಲ್‌ಇಡಿ ದೀಪದ ಯಾವ ತುದಿ ಧನ, ಯಾವ ತುದಿ ಋಣ ಎಂಬುದನ್ನು ಗುರುತಿಸಹೊರಟ ದಿನ ಆ ಜಂಬ ಇಳಿದುಹೋಯಿತು. ಒಂದು ಸೀನಿಗೆ ಎರಡು ದೀಪಗಳು ಎಲ್ಲಿಗೋ ಹಾರಿಹೋದವು. ಅವು ಇಂದಿಗೂ ನಮ್ಮ ಮನೆಯ ಯಾವುದೋ ಸಂದಿಯಲ್ಲಿವೆ.

ಇಂತಹ ಹುಚ್ಚು ನನಗೆ ಹಿಡಿದದ್ದು ಹೇಗೆಂಬುದನ್ನು ತಿಳಿಸಬೇಕಾದರೆ ನಮ್ಮ ಊರಿನಿಂದ ಆರಂಭಿಸಬೇಕು.

ನಮ್ಮ ಊರು ಮುಕ್ಕುಂದ. ಸಿಂಧನೂರು ತಾಲೂಕಿನಲ್ಲಿ, ತುಂಗಭದ್ರೆಯ ದಂಡೆಯ ಮೇಲಿದೆ. ಹೊಳೆ ದಾಟಿದರೆ ಬಳ್ಳಾರಿ ಜಿಲ್ಲೆ. ನಾನು ಕೆಲಸ ಮಾಡುವ ಕಾಲೇಜು ಪೇಟೆಯಲ್ಲಿದೆ. ಅವ್ವ ಊರು ಬಿಟ್ಟು ಬರಲೊಲ್ಲಳು. ಹಾಗಾಗಿ ಶನಿವಾರ ಸಂಜೆ ನಾನೇ ಊರಿಗೆ ಹೋಗುತ್ತೇನೆ. ಬೇಸಿಗೆಯಲ್ಲಿ ನಮ್ಮ ಕಡೆ ಮನೆಯೊಳಗೆ ಮಲಗುವುದೆಂದರೆ ಒಲೆಯೊಳಗೆ ಮಲಗಿದಂತೆ. ಎಲ್ಲರೂ ಮಾಳಿಗೆ ಏರುತ್ತಾರೆ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಅವ್ವನಿಗೆ ಆಕಾಶ ಹೊಸದಾಗಿ ಸಿಕ್ಕಿದಂತಾಗಿದೆ. ಚಾಪೆಯ ಮೇಲೆ ಮಲಗಿ, ಉತ್ತರದಿಂದ ದಕ್ಷಿಣಕ್ಕೋ ದಕ್ಷಿಣದಿಂದ ಉತ್ತರಕ್ಕೋ ಮಿನುಗುತ್ತ ಸಾಗುವ ಒಂದೊಂದು ವಿಮಾನವನ್ನೂ ಅದು ಮರೆಯಾಗುವ ತನಕ ನೋಡುತ್ತಾಳೆ. ಎಷ್ಟೋ ಸಲ, ತನ್ನಷ್ಟಕ್ಕೆ ಎಂಬಂತೆ, "ಇದು ದೊಡ್ಡಾತ ರಿಪೇರಿ ಮಾಡಿದ್ದ ಇರಬೇಕು" ಎನ್ನುತ್ತಾಳೆ.

ದೊಡ್ಡಾತನೆಂದರೆ ನನ್ನ ಅಣ್ಣ. ಹದಿನೆಂಟು ತುಂಬಿದ ಮರುವರ್ಷವೇ ವಾಯುಪಡೆಗೆ ಸೇರಿದ. ಬೆಂಗಳೂರಿನ ಜಾಲಹಳ್ಳಿಯಲ್ಲಿ ತರಬೇತಿಯಾಗಿ, ಇಪ್ಪತ್ತು ವರ್ಷ ಊರೂರು ಸುತ್ತಿ, ನಿವೃತ್ತನಾದ ಮೇಲೆ ಈಗ ಬೆಂಗಳೂರಿನಲ್ಲೇ ಪ್ರಯಾಣಿಕರ ವಿಮಾನಗಳನ್ನು ದುರಸ್ತು ಮಾಡುವ ಕೆಲಸದಲ್ಲಿದ್ದಾನೆ. ನಾನು ಪದವಿ ಓದುತ್ತಿದ್ದಾಗ ಒಮ್ಮೆ ನನ್ನನ್ನು ಹಳೆಯ ವಿಮಾನ ನಿಲ್ದಾಣದ ರಸ್ತೆಯ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದಿದ್ದ. ಅಲ್ಲಿ ನಿಂತಿದ್ದ 'ಮಾರುತ'ವನ್ನು ತೋರಿಸಿ, ಜರ್ಮನಿಯ ಕುರ್ಟ್ ಟ್ಯಾಂಕ್ ಮತ್ತು ನಮ್ಮ ಎಂಜಿನಿಯರುಗಳು ಸೇರಿ ಅದನ್ನು ರೂಪಿಸಿದ್ದು, 1961ರ ಜೂನ್ 17ರಂದು ಸುರಂಜನ್ ದಾಸ್ ಎಂಬ ವೀರ ಅದನ್ನು ಬೆಂಗಳೂರಿನ ಬಾನಿಗೇರಿಸಿದ್ದು, 1970ರಲ್ಲಿ ಅದೇ ಜಾತಿಯ ವಿಮಾನದಲ್ಲಿ ಪರೀಕ್ಷೆ ನಡೆಸುತ್ತಿದ್ದಾಗಲೇ ಆತ ಅಸುನೀಗಿದ್ದು, ಇವನ್ನೆಲ್ಲ ಅಣ್ಣ ಹರಿಕಥೆಯ ದಾಸರಂತೆ ಹೇಳಿದ್ದ. ಕೊನೆಗೆ ರೆಕ್ಕೆಯ ತುದಿಯನ್ನು ತೋರಿಸಿ, "ಇಲ್ಲಿ ದೀಪ ಇರತೈತಿ. ಎಡಕ್ಕ ಕೆಂಪು, ಬಲಕ್ಕ ಹಸಿರು. ಮರೀಬ್ಯಾಡ" ಎಂದಿದ್ದ. ನಾನು ಮರೆತೆ. ರಗಳೆಯ ಮಾತ್ರಾಗಣಗಳನ್ನು ನೆನಪಿಟ್ಟುಕೊಳ್ಳುವವನಿಗೆ ಇದು ಮರೆತುಹೋಯಿತು.

ಏಳು ವರ್ಷದ ಹಿಂದೆ ರಜೆಗೆ ಬಂದಾಗ ಅಣ್ಣ ಒಂದು ಪೆಟ್ಟಿಗೆ ತಂದಿದ್ದ. ಏರ್‌ಬಸ್ ಎ320 ವಿಮಾನದ ಪ್ರತಿಕೃತಿ, 1:144ರ ಅಳತೆ. ನಿಜವಾದ ವಿಮಾನ ಮೂವತ್ತೇಳೂವರೆ ಮೀಟರಿಗಿಂತ ತುಸು ಉದ್ದ. ಇದು 26 ಸೆಂಟಿಮೀಟರ್. ಬಿಡಿಬಿಡಿ ತುಂಡುಗಳನ್ನು ಕತ್ತರಿಸಿ, ಉಜ್ಜಿ, ಅಂಟಿಸಿ ಕಟ್ಟಬೇಕು. ಅಪ್ಪನ ಮಂಚದ ಪಕ್ಕದಲ್ಲಿ ಕುಳಿತು ಇಬ್ಬರೂ ಅದರ ರೆಕ್ಕೆಗಳನ್ನೂ ಎಂಜಿನ್ನುಗಳನ್ನೂ ಜೋಡಿಸಿದೆವು. ಒಡಲಿನ ಎರಡು ಹೋಳುಗಳನ್ನು ಮುಚ್ಚುವುದಷ್ಟೇ ಉಳಿದಿತ್ತು. "ಮುಂದಿನ ರಜಾದಾಗ ಒಳಗ ದೀಪ ಹಾಕಿ ಮುಚ್ಚೂಣು" ಎಂದು ಅಣ್ಣ ಹೇಳಿಹೋದ.

ಮುಂದಿನ ರಜೆಗೆ ಬರುವಷ್ಟರಲ್ಲಿ ಅಪ್ಪ ಇರಲಿಲ್ಲ. ತಿಥಿ ಮುಗಿದ ಮೂರನೆಯ ದಿನ ಹೊಲದ ಪಾಲಿನ ಮಾತು ಬಂತು. ತುಂಗಭದ್ರೆಯ ಎಡದಂಡೆ ಕಾಲುವೆಯ ಸೀಮೆಯಲ್ಲಿ ಹುಟ್ಟಿದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ: ಇಲ್ಲಿ ಹೊಲವನ್ನು ಎಕರೆಯಿಂದ ಅಳೆಯುವುದಿಲ್ಲ, ನೀರು ಮೊದಲು ಮುಟ್ಟುತ್ತದೆಯೋ ಕೊನೆಗೆ ಮುಟ್ಟುತ್ತದೆಯೋ ಎಂಬುದರಿಂದ ಅಳೆಯುತ್ತಾರೆ. ಮೇಲಿನ ನಾಲ್ಕು ಎಕರೆ ಯಾರಿಗೆ? ಇಪ್ಪತ್ತು ವರ್ಷ ಊರಿಗೆ ಹಣ ಕಳಿಸಿದವನಿಗೋ, ಇಪ್ಪತ್ತು ವರ್ಷ ಅಪ್ಪನ ಹತ್ತಿರ ಇದ್ದವನಿಗೋ? ಆ ರಾತ್ರಿ ನಾನು ಆಡಿದ ಮಾತೊಂದಿದೆ. ಅದನ್ನು ಇಲ್ಲಿ ಬರೆಯಲಾರೆ. ಮಾತಿನ ಪಾಠ ಹೇಳಿಯೇ ಹೊಟ್ಟೆ ಹೊರೆಯುವವನ ಬಾಯಿಂದ ಅದು ಬಂದದ್ದರಿಂದ ಹೆಚ್ಚು ಚುಚ್ಚಿರಬೇಕು. ಬೆಳಗಿನ ಬಸ್ಸಿಗೆ ಅಣ್ಣ ಹೊರಟುಹೋದ. ಹೊಲ ಪಾಲಾಗಲೇ ಇಲ್ಲ; ನಾವು ಆದೆವು. ಆರು ವರ್ಷ. ಪ್ರತಿ ಭಾನುವಾರ ಅವ್ವನ ಫೋನು ಬಾರಿಸುತ್ತಿತ್ತು, ನಾನು ಎದ್ದು ಹಿತ್ತಲಿಗೆ ಹೋಗುತ್ತಿದ್ದೆ.

ಹೀಗಿರುವಾಗ, ಹೋದ ಚೈತ್ರದ ಒಂದು ರಾತ್ರಿ, ಕರೆಂಟು ಹೋಗಿ ಊರೆಲ್ಲ ಕತ್ತಲಾಗಿತ್ತು. ಮಾಳಿಗೆಯ ಮೇಲೆ ಅವ್ವ ಒಂದು ಮಿನುಗನ್ನು ತೋರಿಸಿ ಕೇಳಿದಳು: "ಅಲ್ಲೋ, ಅದು ಬರಾಕತ್ತೈತೋ ಹೋಗಾಕತ್ತೈತೋ ಹೆಂಗ ತಿಳೀಬೇಕು?"

ನಾನು ಉತ್ತರಿಸಲಿಲ್ಲ. ಉತ್ತರ ಗೊತ್ತಿದ್ದವನು ಒಬ್ಬನೇ ಇದ್ದ. ಮರುದಿನ ಅಟ್ಟದಿಂದ ಪೆಟ್ಟಿಗೆಯನ್ನು ಇಳಿಸಿದೆ.

ವಿಮಾನದ ದೀಪಗಳ ವಿಷಯವನ್ನು ಓದಿ ತಿಳಿದುಕೊಂಡೆ. ಓದುವುದಾದರೂ ನನಗೆ ಬರುತ್ತದೆ. ಈ ಕೆಂಪು ಹಸಿರಿನ ಪದ್ಧತಿ ಹಡಗುಗಳಿಂದ ಬಂದದ್ದು. ನಮ್ಮಲ್ಲಿ ಬಂಡಿಯ ಅಡಿಗೆ ಕಂದೀಲು ಕಟ್ಟುತ್ತಿದ್ದರಷ್ಟೆ, ಎದುರಿನವನಿಗೆ ಬಂಡಿಯಿದೆಯೆಂದು ತಿಳಿದರೆ ಸಾಕಿತ್ತು. ಕಡಲಿನಲ್ಲೂ ಆಕಾಶದಲ್ಲೂ ಅದು ಯಾವ ಕಡೆಗೆ ಮುಖ ಮಾಡಿದೆಯೆಂಬುದೂ ತಿಳಿಯಬೇಕು. ಎಡರೆಕ್ಕೆಯ ಕೆಂಪು ದೀಪ ಮೂಗಿನ ನೇರದಿಂದ ಎಡಕ್ಕೆ 110 ಅಂಶದವರೆಗೆ ಕಾಣಬೇಕು. ಬಲರೆಕ್ಕೆಯ ಹಸಿರು ದೀಪ ಬಲಕ್ಕೆ 110 ಅಂಶ. ಹಿಂದಿನ ಬಿಳಿಯ ದೀಪಕ್ಕೆ ಉಳಿದ 140. ಮೂರೂ ಕೂಡಿಸಿದರೆ 360. ಒಂದು ಅಂಶವೂ ವ್ಯಾಜ್ಯಕ್ಕೆ ಉಳಿಯದಂತೆ ಪಾಲು ಮಾಡಿದ್ದಾರೆ. ಆ ಪಾಲುಗಾರನನ್ನು ನಮ್ಮೂರಿಗೆ ಕರೆಸಬೇಕಾಗಿತ್ತು ಎನ್ನಿಸಿತು.

ಇದರಿಂದ ಆಗುವುದಿಷ್ಟು: ವಿಮಾನ ನೇರ ನಮ್ಮೆಡೆಗೆ ಬರುತ್ತಿದ್ದರೆ ಕೆಂಪು ನಮ್ಮ ಬಲಗಡೆಗೂ ಹಸಿರು ಎಡಗಡೆಗೂ ಕಾಣುತ್ತದೆ. ಹೋಗುತ್ತಿದ್ದರೆ ಬಿಳಿಯದು ಮಾತ್ರ. ಇವಲ್ಲದೆ ಒಡಲಿನ ಮೇಲೊಂದು ಕೆಳಗೊಂದು ಕೆಂಪಗೆ ಮಿನುಗುವ ದೀಪಗಳು; ಎಂಜಿನ್ ಚಾಲೂ ಮಾಡುವ ಮುಂಚೆಯೇ ಅವನ್ನು ಹೊತ್ತಿಸುತ್ತಾರೆ, ಹತ್ತಿರದಲ್ಲಿರುವ ಕೆಲಸಗಾರರು ದೂರ ಸರಿಯಲೆಂದು. ರೆಕ್ಕೆಗಳ ತುದಿಯಲ್ಲಿ ಸಿಡಿಲಿನಂತೆ ಹೊಳೆಯುವ ಬಿಳಿಯ ದೀಪಗಳು ಬೇರೆ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಹೋಗುವ ವಿಮಾನದಲ್ಲಿ ಅವ್ವನಿಗೆ ಕಾಣುತ್ತಿದ್ದದ್ದು ಮುಖ್ಯವಾಗಿ ಇವೇ.

ಪುಷ್ಪಕ ವಿಮಾನದ ವರ್ಣನೆಗಳನ್ನು ನಾನು ಬೇಕಾದಷ್ಟು ಓದಿದ್ದೇನೆ, ಪಾಠವನ್ನೂ ಮಾಡಿದ್ದೇನೆ. ರತ್ನಗಳಿಗೆ ಅಲ್ಲಿ ಕೊರತೆಯಿಲ್ಲ. ಆದರೆ ಮಾಣಿಕ್ಯ ಎಡಕ್ಕೋ ಪಚ್ಚೆ ಬಲಕ್ಕೋ ಎಂಬ ಚಿಂತೆ ಯಾವ ಕವಿಗೂ ಬಂದಂತಿಲ್ಲ. ಆಕಾಶದಲ್ಲಿ ಒಂದೇ ವಿಮಾನವಿದ್ದಾಗ ಆ ಚಿಂತೆ ಏತಕ್ಕೆ? ವಿದ್ಯಾರ್ಥಿಗಳು ಆಗಾಗ 'ವೈಮಾನಿಕ ಶಾಸ್ತ್ರ'ದ ಮಾತು ಎತ್ತುತ್ತಾರೆ. ಅದು ಪ್ರಾಚೀನ ಗ್ರಂಥವಲ್ಲವೆಂದೂ, ಅದರಲ್ಲಿ ಹೇಳಿದಂತೆ ಕಟ್ಟಿದರೆ ಯಾವುದೂ ಹಾರದೆಂದೂ 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ತೋರಿಸಿಕೊಟ್ಟರು. ಆ ವಿದ್ವಾಂಸರ ಪೈಕಿ ಮೊದಲಿನವರ ಹೆಸರು ಮುಕುಂದ ಎಂಬುದು ಮುಕ್ಕುಂದದವನಾದ ನನಗೆ ಒಂದು ಸಣ್ಣ ಸಂತೋಷ.

ಇನ್ನು ಸಾಮಗ್ರಿ. ದೀಪಗಳನ್ನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಕಳಿಸಿದ. ತಂತಿಯದೇ ತೊಡಕು. ಮಾಮೂಲು ತಂತಿ ಆ ರೆಕ್ಕೆಯೊಳಗೆ ತೂರುವುದಿಲ್ಲ. ಎನಾಮಲ್ ಲೇಪದ ತಾಮ್ರದ ತಂತಿ ಬೇಕು. ಭತ್ತದ ಸೀಮೆಯಲ್ಲಿ ಅದಕ್ಕೇನು ಬರ? ಪೇಟೆಯ ಬೀದಿಗೆರಡು ಮೋಟಾರ್ ವೈಂಡಿಂಗ್ ಅಂಗಡಿಗಳಿವೆ. ಆದರೆ ಪಂಪಿನ ಮೋಟಾರಿಗೆ ಸುತ್ತುವ ತಂತಿ ನನ್ನ ವಿಮಾನಕ್ಕೆ ಹಗ್ಗವಿದ್ದಂತೆ. ಅಂಗಡಿಯಾತ ಯೋಚಿಸಿ, ಸುಟ್ಟುಹೋದ ಸ್ಟಾರ್ಟರಿನ ಕಾಯಿಲೊಂದನ್ನು ಬಿಚ್ಚಿ, ಕೂದಲಿನಂತಹ ತಂತಿಯನ್ನು ಬೆರಳಿಗೆ ಸುತ್ತಿಕೊಟ್ಟ. "ಏನ್ ಮಾಡ್ತೀರಿ ಸರ?" ಎಂದ. ಹೇಳಿದೆ. ದುಡ್ಡು ಮುಟ್ಟಲಿಲ್ಲ. "ಹತ್ತಿದ ಮ್ಯಾಲೆ ತಂದು ತೋರಸ್ರಿ" ಎಂದ.

ತಂತಿಯ ತುದಿಯ ಲೇಪವನ್ನು ಬ್ಲೇಡಿನಿಂದ ಕೆರೆದು ತಾಮ್ರ ಕಾಣಿಸಬೇಕು. ಜೋರಾಗಿ ಕೆರೆದರೆ ತಂತಿಯೇ ಹೋಗುತ್ತದೆ. ದೀಪವನ್ನು ಎರಡು ಕಡೆ ಅಂಟುವ ಟೇಪಿನ ಮೇಲೆ ಕೂರಿಸಿ, ಅದರ ತುದಿಗೂ ತಂತಿಗೂ ಮೊದಲೇ ಸೀಸದ ಲೇಪ ಕೊಟ್ಟು, ಒಂದು ಕ್ಷಣ ಕಾವು ಮುಟ್ಟಿಸಿ ಬಿಡಬೇಕು. ಎರಡು ಕ್ಷಣವಾದರೆ ದೀಪ ಸತ್ತಿತು. ಹನ್ನೆರಡು ದೀಪಗಳಲ್ಲಿ ಐದನ್ನು ಹೀಗೆ ಕೊಂದ ಮೇಲೆ ಕೈ ಪಳಗಿತು. ರೆಕ್ಕೆಯ ತುದಿಗಳನ್ನು ಕೊರೆದು ದೀಪಗಳನ್ನು ಇಟ್ಟು, ತಂತಿಗಳನ್ನು ಒಡಲಿಗೆ ತಂದು, ಅಲ್ಲಿಂದ ಪೀಠದ ಕೊಳವೆಯೊಳಗೆ ಇಳಿಸಿದೆ. ಪೀಠದಲ್ಲಿ 9 ವೋಲ್ಟಿನ ಬ್ಯಾಟರಿ. ದೀಪಕ್ಕೆ ವಿದ್ಯುತ್ತು ಮಿತಿಮೀರದಂತೆ ಒಂದು ರೆಸಿಸ್ಟರ್ ಹಾಕಬೇಕೆಂದು ಓದಿದ್ದೆ. ಒಂದನ್ನು ಹಾಕಿ, ಕೆಂಪು, ಹಸಿರು, ಬಿಳಿ ಮೂರನ್ನೂ ಒಟ್ಟಿಗೆ ಅದಕ್ಕೆ ಜೋಡಿಸಿ, ಸ್ವಿಚ್ಚು ಒತ್ತಿದೆ.

ಕೆಂಪು ಹೊತ್ತಿತು. ಹಸಿರು ಹೊತ್ತಲಿಲ್ಲ, ಬಿಳಿಯೂ ಇಲ್ಲ.

ದೀಪ ಸತ್ತಿರಬೇಕೆಂದು ಹಸಿರನ್ನು ಬಿಚ್ಚಿ ಒಂದನ್ನೇ ಜೋಡಿಸಿದೆ, ಸೊಗಸಾಗಿ ಹೊತ್ತಿತು. ಕೆಂಪಿನ ಪಕ್ಕಕ್ಕೆ ತಂದರೆ ಆರಿತು. ಮೂರು ರಾತ್ರಿ ಇದೇ ಆಟ. ನಮ್ಮ ಕಾಲೇಜಿನ ಭೌತಶಾಸ್ತ್ರದ ಮೇಷ್ಟರ ಮನೆ ನಮ್ಮ ಮನೆಯಿಂದ ಐದು ನಿಮಿಷದ ದಾರಿ. ಅವರನ್ನು ಕೇಳಬಹುದಾಗಿತ್ತು. ಅವರು ಊರಲ್ಲಿರಲಿಲ್ಲವೆಂದು ಬರೆದರೆ ಈ ಪ್ರಬಂಧ ಇನ್ನಷ್ಟು ಸಲೀಸಾಗುತ್ತಿತ್ತು. ಆದರೆ ಅವರು ಊರಲ್ಲೇ ಇದ್ದರು. ನಾಲ್ಕನೆಯ ರಾತ್ರಿ ಹತ್ತು ಗಂಟೆಗೆ ನಾನು ಅಣ್ಣನಿಗೆ ಫೋನು ಮಾಡಿದೆ.

ಎತ್ತಿದ ಕೂಡಲೇ ಅವನು ಕೇಳಿದ್ದು: "ಅವ್ವ ಆರಾಮ ಅದಾಳಿಲ್ಲ?" ಆರು ವರ್ಷ ಮಾತಾಡದ ತಮ್ಮ ಹೊತ್ತಲ್ಲದ ಹೊತ್ತಿನಲ್ಲಿ ಫೋನು ಮಾಡಿದರೆ ಯಾರಿಗಾದರೂ ತೋಚುವುದು ಅದೇ. ಅವನ ದನಿ ನಡುಗಿದ್ದು ಕೇಳಿ ನನ್ನ ಮೇಲೆ ನನಗೇ ಹೇಸಿಕೆಯಾಯಿತು.

"ಆರಾಮ ಅದಾಳ. ಊಟ ಮಾಡಿ ಮಲಗ್ಯಾಳ" ಎಂದೆ. ಆ ಕಡೆ ಯಾವುದೋ ಯಂತ್ರದ ಸದ್ದು. ಮುಂದೆ ಏನು ಹೇಳಬೇಕೆಂದು ಸಿದ್ಧಮಾಡಿಕೊಂಡದ್ದೆಲ್ಲ ಮರೆತುಹೋಗಿ, "ಅಣ್ಣಾ, ಕೆಂಪು ಅಷ್ಟ ಹತ್ತೈತಿ. ಹಸಿರು ಹತ್ತವಲ್ದು" ಎಂದುಬಿಟ್ಟೆ.

"ಯಾತರದ್ದು?"

"ಏರ್‌ಬಸ್ಸಿಂದು."

ಬಹಳ ಹೊತ್ತು ಮಾತಿಲ್ಲ. ಕೆಲಸದಲ್ಲಿದ್ದವನಾದ್ದರಿಂದ ನಿಜವಾದ ಏರ್‌ಬಸ್ಸಿನ ಮಾತೆಂದು ತಿಳಿದನೋ ಏನೋ ಎಂದು ನಾನು ಗಾಬರಿಯಾದೆ. ಕೊನೆಗೆ ಅವನು ಕೇಳಿದ: "ಮೂರಕ್ಕೂ ಕೂಡಿ ಒಂದ ರೆಸಿಸ್ಟರ್ ಹಾಕಿಯೇನು?"

"ಹೂಂ."

"ಹಂಗ ಹಾಕಬಾರದು. ಒಂದೊಂದಕ್ಕ ಒಂದೊಂದು ಬೇರೆ ಬೇಕು."

ವಿಷಯ ಇಷ್ಟೆ. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು. ಈಗಿನ ಹೊಳಪಿನ ಹಸಿರಿಗೂ ಬಿಳಿಯದಕ್ಕೂ 3ರ ಹತ್ತಿರ ಬೇಕು. ಮೂರನ್ನೂ ಒಂದೇ ರೆಸಿಸ್ಟರಿನ ಹಿಂದೆ ಸಾಲಾಗಿ ನಿಲ್ಲಿಸಿದರೆ, ಕಡಿಮೆಗೆ ತೃಪ್ತವಾಗುವ ಕೆಂಪು ಮೊದಲು ಹೊತ್ತಿ, ವೋಲ್ಟೇಜು 2ರ ಮೇಲೆ ಏರದಂತೆ ಹಿಡಿದುಬಿಡುತ್ತದೆ. ಉಳಿದವರ ಬಾಯಿಗೆ ಬೀಳುವುದೇ ಇಲ್ಲ. ಕಾಲುವೆಯ ಮೇಲ್ತುದಿಯ ತೂಬನ್ನು ಪೂರ್ತಿ ತೆಗೆದಂತೆ. ಈ ಹೋಲಿಕೆ ನನಗೆ ತಕ್ಷಣ ಹೊಳೆಯಿತು. ಅವನಿಗೂ ಹೊಳೆದಿರಬೇಕು. ಇಬ್ಬರೂ ಆಡಲಿಲ್ಲ.

"ಎಷ್ಟರ ರೆಸಿಸ್ಟರ್ ಹಾಕ್ಲಿ?" ಎಂದೆ. ಲೆಕ್ಕ ಹೇಳಿದ: 9ರಲ್ಲಿ 2 ಕಳೆದರೆ 7, ಆ 7 ವೋಲ್ಟಿಗೆ 5 ಮಿಲಿಆಂಪಿಯರ್ ಹರಿಯಬೇಕಾದರೆ 1400 ಓಮ್, ಪೇಟೆಯಲ್ಲಿ ಸಿಗುವುದು 1500, ಅದನ್ನೇ ಹಾಕು. ಹಸಿರಿಗೂ ಬಿಳಿಯದಕ್ಕೂ 1200. "ಬರಕೊಂಡ್ಯಾ?" ಎಂದ, ಚಿಕ್ಕಂದಿನಲ್ಲಿ ಮಗ್ಗಿ ಹೇಳಿಸುವಾಗಿನ ದನಿಯಲ್ಲಿ. ಬರೆದುಕೊಂಡೆ. "ಸರಿ, ವಿಮಾನ ಬಂತು, ಇಡ್ತೀನಿ" ಎಂದು ಇಟ್ಟ.

ಮೂರೂ ಹೊತ್ತಿದವು, ಅತಿಯಾಗಿ ಹೊತ್ತಿದವು. ರೆಕ್ಕೆಯ ತುದಿ ಮದುವೆಯ ಹಂದರದಂತೆ ಕಂಡಿತು. ಮಾತ್ರವಲ್ಲ, ಬಿಳಿಯ ಪ್ಲಾಸ್ಟಿಕ್ಕಿನ ಒಳಗಿಂದ ಬೆಳಕು ಸೋರಿ ಇಡೀ ವಿಮಾನ ದೀಪಾವಳಿಯ ಆಕಾಶಬುಟ್ಟಿಯಾಯಿತು. ಇದಕ್ಕೊಂದು ನೆಪ ಸಿಕ್ಕಿತಲ್ಲ! ಮತ್ತೆ ಫೋನು. ಒಳಗೆ ಪೂರ್ತಿ ಕಪ್ಪು ಬಣ್ಣ ಬಳಿ, ದೀಪದ ಹಿಂಬದಿಗೂ ಬಳಿ, ರೆಸಿಸ್ಟರನ್ನು 4700ಕ್ಕೆ ಏರಿಸು ಎಂದ. ಚಿಕ್ಕ ವಿಮಾನಕ್ಕೆ ಚಿಕ್ಕ ಬೆಳಕೇ ನಿಜವೆಂದು ಕಾಣುತ್ತದಂತೆ.

ಬೆನ್ನಿನ ಮೇಲಿನ ಕೆಂಪು ದೀಪ ಮಿನುಗಬೇಕಲ್ಲ. ಅದಕ್ಕಾಗಿ ಮೂರನೆಯ ಫೋನು. 555 ಎಂಬ ಎಂಟು ಕಾಲಿನ ಪುಟ್ಟ ಚಿಪ್ಪೊಂದಿದೆ. ಹಾನ್ಸ್ ಕ್ಯಾಮೆನ್ಸಿಂಡ್ ಎಂಬಾತ 1971ರಲ್ಲಿ ರೂಪಿಸಿದ್ದು. ಐವತ್ತು ವರ್ಷ ದಾಟಿದರೂ ಮುಪ್ಪು ಬಂದಿಲ್ಲ. ಮಾಮೂಲಿನಂತೆ ಜೋಡಿಸಿದರೆ ದೀಪ ಅರ್ಧಕ್ಕಿಂತ ಹೆಚ್ಚು ಹೊತ್ತು ಉರಿದೇ ಇರುತ್ತದೆ, ಹೆದ್ದಾರಿಯಲ್ಲಿ ಕೆಟ್ಟು ನಿಂತ ಲಾರಿಯ ದೀಪದ ಹಾಗೆ. ವಿಮಾನದ್ದು ಹಾಗಲ್ಲ, ಫಕ್ಕನೆ ಹೊಳೆದು ಆರಬೇಕು. ಅಣ್ಣ ಹೇಳಿದ ಉಪಾಯವೆಂದರೆ ದೀಪವನ್ನು ತಿರುಗಿಸಿ, ಬ್ಯಾಟರಿಯ ಧನ ತುದಿಗೂ ಚಿಪ್ಪಿನ ಮೂರನೆಯ ಕಾಲಿಗೂ ನಡುವೆ ಹಾಕುವುದು. ಆಗ ಚಿಪ್ಪು ಸುಮ್ಮನಾದ ಗಳಿಗೆಯಲ್ಲಿ ಮಾತ್ರ ದೀಪ ಹೊಳೆಯುತ್ತದೆ. ಒಂದು ಲಕ್ಷ ಓಮ್‌ನ ಒಂದು, ಹತ್ತು ಸಾವಿರದ ಒಂದು ರೆಸಿಸ್ಟರ್, 10 ಮೈಕ್ರೋಫ್ಯಾರಡಿನ ಕೆಪ್ಯಾಸಿಟರ್. ನಿಮಿಷಕ್ಕೆ ಎಪ್ಪತ್ತರ ಸುಮಾರು ಮಿನುಗು. ಮೊದಲ ಸಲ ಅದು ಮಿನುಗಿದಾಗ ನನ್ನ ಹೆಂಡತಿ ಅಡಿಗೆಮನೆಯಿಂದ ಬಂದು, ಏನೂ ಹೇಳದೆ, ಕುರ್ಚಿ ಎಳೆದುಕೊಂಡು ಕುಳಿತಳು. ತೀರ್ಪು ಬದಲಾಯಿತೆಂದು ನಾನು ತಿಳಿದುಕೊಂಡೆ. ವೈಂಡಿಂಗ್ ಅಂಗಡಿಯಾತನಿಗೂ ಒಯ್ದು ತೋರಿಸಿದೆ; ಆತ ಅಂಗಡಿಯ ದೀಪ ಆರಿಸಿ ಎರಡು ಸಲ ನೋಡಿದ.

ಅಷ್ಟರಲ್ಲಿ ಐದೋ ಆರೋ ಸಲ ಅಣ್ಣನ ಜತೆ ಮಾತಾಗಿತ್ತು. ಹೊಲದ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ರಾತ್ರಿಯ ನನ್ನ ಮಾತಿಗೆ ಕ್ಷಮೆ ಕೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಬಂದದ್ದು ಕೆಪ್ಯಾಸಿಟರಿನ ಮಾತು. ಕೊನೆಯ ಸಲ, ಇನ್ನು ಬಾಲದ ದೀಪವೊಂದನ್ನು ಸರಿಯಾಗಿ ಕೂರಿಸಿ ಒಡಲು ಮುಚ್ಚಿಬಿಡುತ್ತೇನೆ ಎಂದಾಗ ಅವನು ತಡೆದ.

"ಬಾಲದ್ದಕ್ಕ ಕೈ ಹಚ್ಚಬ್ಯಾಡ. ನಾ ಬಂದಾಗ ಹಾಕೂಣು. ಅಲ್ಲೀತನ ಮುಚ್ಚಬ್ಯಾಡ."

"ಯಾವಾಗ ಬರ್ತಿ?"

"ನೋಡೂಣು. ರಜಾ ಸಿಗಬೇಕು. ಎಳ್ಳಮಾಸಿಗಿ ಸಿಕ್ಕರ ಸಿಕ್ತು."

ಹಾಗಾಗಿ ಬಾಲದ ಬಿಳಿಯ ದೀಪವನ್ನು ಬಿಚ್ಚಿ ಪೊಟ್ಟಣದಲ್ಲಿಟ್ಟೆ. ಒಡಲಿನ ಎರಡು ಹೋಳುಗಳಿಗೆ ಅವ್ವನ ಮಾತ್ರೆಯ ಪೊಟ್ಟಣದ ಎರಡು ರಬ್ಬರ್ ಬ್ಯಾಂಡು ಸುತ್ತಿ, ಶನಿವಾರ ಊರಿಗೆ ಒಯ್ದೆ. ರಾತ್ರಿ ಮಾಳಿಗೆಯ ಮೇಲೆ, ಊಟವಾದ ಮೇಲೆ, ಅವಳ ಮುಂದೆ ಪೀಠವನ್ನಿಟ್ಟು ಸ್ವಿಚ್ಚು ಒತ್ತಿದೆ. ಮೂಗು ಅವಳ ಕಡೆಗಿತ್ತು. ಅವಳು ಬಗ್ಗಿ, ಮೊದಲು ಬಲಗೈಯನ್ನು ಕೆಂಪಿನತ್ತ, ಆಮೇಲೆ ಎಡಗೈಯನ್ನು ಹಸಿರಿನತ್ತ ಒಯ್ದಳು, ಆರತಿಯ ಕಾವು ತೆಗೆದುಕೊಳ್ಳುವವಳಂತೆ.

"ಕೆಂಪು ನಿನ್ನ ಬಲಗೈ ಕಡೆ ಇದ್ದರ ಬರಾಕತ್ತೈತಿ ಅಂತ ತಿಳಿ" ಎಂದೆ. "ಹೋಗೂವಾಗ ಹಿಂಗ" ಎಂದು ಪೀಠವನ್ನು ತಿರುಗಿಸಿದೆ. ಕೆಂಪು ಹಸಿರು ಎರಡೂ ಮರೆಯಾದವು. ಬೆನ್ನಿನ ಮಿನುಗೊಂದನ್ನು ಬಿಟ್ಟರೆ ಎಲ್ಲ ಕತ್ತಲೆ.

"ಹಿಂದ ದೀಪ ಇಲ್ಲೇನು ಇದಕ್ಕ?"

"ಐತಿ. ಅಣ್ಣ ಬಂದು ಹಾಕ್ತಾನಂತ."

ಅವ್ವ ನನ್ನ ಮುಖವನ್ನು ನೋಡಲಿಲ್ಲ. ಸ್ವಲ್ಪ ಹೊತ್ತು ಆ ಮಿನುಗನ್ನೇ ನೋಡುತ್ತಿದ್ದು, ಆಮೇಲೆ ಎರಡೂ ಕೈಯಿಂದ ಪೀಠವನ್ನು ಹಿಡಿದು, ಮೂಗು ಮತ್ತೆ ತನ್ನ ಕಡೆಗೆ ಬರುವಂತೆ ತಿರುಗಿಸಿಟ್ಟುಕೊಂಡಳು. ಬ್ಯಾಟರಿ ಸುಮ್ಮನೆ ಖರ್ಚಾಗುತ್ತದೆ, ಆರಿಸಲೇ ಎಂದು ಕೇಳಿದೆ.

"ಇರ್ಲಿ ಬಿಡು" ಎಂದಳು.